ಪ್ರಾಸ್ಟೇಟ್ ಕ್ಯಾನ್ಸರ್: ‘ಕರೆಂಟ್’ ಕೊಡುವ ಮೊದಲು ದಿನಾ ಸ್ಕ್ಯಾನ್ ಏಕೆ?

ಪ್ರಾಸ್ಟೇಟ್ ಕ್ಯಾನ್ಸರ್‌ಗೆ ರೇಡಿಯೇಷನ್ ಚಿಕಿತ್ಸೆ ಶುರುವಾದ ಮೇಲೆ ರೋಗಿಗೆ ದಿನಾ ಎದುರಾಗುವುದು ದೊಡ್ಡ ಡಾಕ್ಟರಲ್ಲ. ಅವರು ಸಾಮಾನ್ಯವಾಗಿ ವಾರಕ್ಕೊಮ್ಮೆ ನೋಡುತ್ತಾರೆ. ದಿನವೂ ಹೆಸರು ಕರೆದು, ಮೇಜಿನ ಮೇಲೆ ಮಲಗಿಸಿ, ಯಂತ್ರ ನಡೆಸುವವರು ರೇಡಿಯೇಷನ್ ಥೆರಪಿಸ್ಟ್. ನಮ್ಮ ಕಡೆಯ ಆಸ್ಪತ್ರೆಗಳಲ್ಲಿ ರೇಡಿಯೋಥೆರಪಿ ಟೆಕ್ನಾಲಜಿಸ್ಟ್ ಅಥವಾ ಬರೇ ‘ಟೆಕ್ನೀಷಿಯನ್’ ಎನ್ನುತ್ತಾರೆ. ಸ್ವಿಚ್ ಒತ್ತುವವರು ಎಂದು ಇವರನ್ನು ಹಗುರವಾಗಿ ಕಾಣುವವರೇ ಹೆಚ್ಚು. ಆದರೆ ‘ಈಗ ಕೊಡಬಹುದು, ಈಗ ಬೇಡ’ ಎಂಬ ಅಂದಂದಿನ ತೀರ್ಮಾನ ಬಹುಮಟ್ಟಿಗೆ ಇವರ ಕಣ್ಣಿನ ಮೇಲೆ ನಿಂತಿದೆ.

ಹಳ್ಳಿಗಳಲ್ಲಿ ಈ ಚಿಕಿತ್ಸೆಗೆ ‘ಕರೆಂಟ್ ಕೊಡುವುದು’ ಎಂದೇ ಹೆಸರು. ಹೆಸರು ಕೇಳಿ ಹೆದರಬೇಕಿಲ್ಲ. ಇದು ವಿದ್ಯುತ್ ಅಲ್ಲ, ಎಕ್ಸ್‌ರೇ ಜಾತಿಯ ಕಿರಣ. ಶಕ್ತಿ ಮಾತ್ರ ಬಹಳ ಹೆಚ್ಚು. ಕೊಡುವಾಗ ನೋವೂ ಇಲ್ಲ, ಬಿಸಿಯೂ ಇಲ್ಲ.

ಕಷ್ಟ ಇರುವುದು ಗುರಿಯಲ್ಲಿ. ಪ್ರಾಸ್ಟೇಟ್ ಗ್ರಂಥಿ ಸುಮಾರು ಸಿಪ್ಪೆಸಹಿತ ಅಡಕೆಯಷ್ಟು ಗಾತ್ರದ್ದು, ವಯಸ್ಸಾದವರಲ್ಲಿ ಇನ್ನೂ ದೊಡ್ಡದು. ಮೇಲೆ ಮೂತ್ರಕೋಶ, ಹಿಂದೆ ಗುದನಾಳ. ಗುದನಾಳದಲ್ಲಿ ಮಲ ಅಥವಾ ಗ್ಯಾಸ್ ತುಂಬಿದರೆ ಗ್ರಂಥಿ ಮುಂದಕ್ಕೆ ಸರಿಯುತ್ತದೆ. ಮೂತ್ರಕೋಶ ತುಂಬಿದೆಯೇ, ಖಾಲಿ ಇದೆಯೇ ಎಂಬುದರ ಮೇಲೂ ಅದರ ಜಾಗ ಬದಲಾಗುತ್ತದೆ. ಈ ವ್ಯತ್ಯಾಸ ಕೆಲವು ಮಿಲಿಮೀಟರ್ ಇರಬಹುದು, ಒಮ್ಮೊಮ್ಮೆ ಒಂದು ಸೆಂಟಿಮೀಟರೂ ಆಗಬಹುದು. ಚಿಕಿತ್ಸೆಗೆ ಮೊದಲು ಸಿಟಿ ಸ್ಕ್ಯಾನ್ ಮಾಡಿ ಸೊಂಟದ ಚರ್ಮದ ಮೇಲೆ ಚುಕ್ಕೆಯ ಗುರುತು ಹಾಕುತ್ತಾರಲ್ಲ, ಅದು ಗೋಣಿಚೀಲದ ಮೇಲೆ ಹಾಕಿದ ಗುರುತಿನ ಹಾಗೆ. ಚೀಲ ಇಟ್ಟಲ್ಲೇ ಇದ್ದರೂ ಒಳಗಿನ ತೆಂಗಿನಕಾಯಿ ಉರುಳಿರಬಹುದು.

ಅದಕ್ಕೇ ದಿನಾ ಸ್ಕ್ಯಾನ್. ಥೆರಪಿಸ್ಟ್ ಮೊದಲು ಹೆಸರು, ಫೋಟೋ ತಾಳೆ ನೋಡಿ ರೋಗಿ ಇವರೇ ಎಂದು ಖಚಿತ ಮಾಡಿಕೊಳ್ಳುತ್ತಾರೆ. ಮೊದಲ ದಿನ ಮಲಗಿದ್ದಂತೆಯೇ ಮಲಗಿಸಿ, ಚುಕ್ಕೆಗಳನ್ನು ಲೇಸರ್ ಗೆರೆಗೆ ಹೊಂದಿಸಿ, ಹೊರಗೆ ಹೋಗುತ್ತಾರೆ. ಯಂತ್ರದ ತೋಳು ಸುತ್ತ ತಿರುಗಿ ಒಂದೆರಡು ನಿಮಿಷದಲ್ಲಿ ಒಳಗಿನ ಚಿತ್ರ ತೆಗೆಯುತ್ತದೆ. ಆ ಚಿತ್ರವನ್ನು ಮೊದಲ ಸ್ಕ್ಯಾನ್ ಜೊತೆ ಹೊಂದಿಸಿ ನೋಡುವುದೇ ಇವರ ನಿಜವಾದ ಕೆಲಸ. ಮೂಳೆ ಹೊಂದಿದರೆ ಸಾಲದು, ಗ್ರಂಥಿಯೇ ಹೊಂದಬೇಕು. ಕೆಲವರಿಗೆ ಗ್ರಂಥಿಯೊಳಗೆ ಮೊದಲೇ ಅಕ್ಕಿಕಾಳಿನಂಥ ಚಿನ್ನದ ಕಣಗಳನ್ನು, ಸಾಮಾನ್ಯವಾಗಿ ಮೂರು, ಇಟ್ಟಿರುತ್ತಾರೆ; ಚಿತ್ರದಲ್ಲಿ ಅವು ಎದ್ದು ಕಾಣುತ್ತವೆ. ಸ್ವಲ್ಪ ಸರಿದಿದ್ದರೆ ಮೇಜನ್ನೇ ಅಷ್ಟು ಮಿಲಿಮೀಟರ್ ಸರಿಸುತ್ತಾರೆ. ಗುದನಾಳ ಉಬ್ಬಿದ್ದರೆ ಅಥವಾ ಮೂತ್ರಕೋಶ ಅರ್ಧ ಖಾಲಿ ಇದ್ದರೆ ಕಿರಣ ಬಿಡುವುದಿಲ್ಲ. ‘ಎದ್ದು ಸ್ವಲ್ಪ ಓಡಾಡಿ ಬನ್ನಿ, ಇನ್ನೂ ನೀರು ಕುಡಿಯಿರಿ’ ಎಂದು ಕಳಿಸುತ್ತಾರೆ. ಅನುಮಾನ ಬಂದರೆ ಡಾಕ್ಟರನ್ನೋ ಫಿಸಿಸಿಸ್ಟನ್ನೋ ಕರೆಯುತ್ತಾರೆ.

ದೂರದಿಂದ ಬೆಳಗಿನ ಬಸ್ಸಿಗೆ ಬಂದವರಿಗೆ ಇದು ಸಿಟ್ಟು ತರಿಸುತ್ತದೆ, ಸಹಜ. ಆದರೆ ಆ ಹೊತ್ತಿನಲ್ಲಿ ಕೊಟ್ಟಿದ್ದರೆ ಕಿರಣದ ಒಂದು ಪಾಲು ಗುದನಾಳಕ್ಕೆ ಬಿದ್ದು, ಮುಂದೆ ರಕ್ತ ಹೋಗುವ ತೊಂದರೆಗೆ ದಾರಿಯಾಗಬಹುದಿತ್ತು. ಗ್ರಂಥಿಯ ಒಂದು ಅಂಚಿಗೆ ಔಷಧ ತಲುಪದೇ ಹೋಗಬಹುದಿತ್ತು.

ಈಗ ಈ ಲೆಕ್ಕ ಇನ್ನೂ ಬಿಗಿ. ಹಿಂದೆ 37-39 ದಿನ ಕೊಡುತ್ತಿದ್ದುದನ್ನು ಅನೇಕರಿಗೆ 20 ದಿನಕ್ಕೆ ಇಳಿಸಿದ್ದಾರೆ. 37 ಸಲದಲ್ಲಿ 74 ಗ್ರೇ ಕೊಟ್ಟಷ್ಟೇ ಫಲ 20 ಸಲದಲ್ಲಿ 60 ಗ್ರೇ ಕೊಟ್ಟರೂ ಸಿಗುತ್ತದೆ ಎಂದು ಬ್ರಿಟನ್ನಿನ ದೊಡ್ಡ ಅಧ್ಯಯನವೊಂದು 2016ರಲ್ಲಿ ತೋರಿಸಿತು. ಆಯ್ದ ಕೆಲವರಿಗೆ ಐದೇ ಸಲದಲ್ಲಿ ಮುಗಿಸುವುದೂ ಉಂಟು. ಬಸ್ಸಿನ ಖರ್ಚು, ಲಾಡ್ಜಿನ ಬಾಡಿಗೆ ಉಳಿಯುತ್ತದೆ, ಬಹಳ ಒಳ್ಳೆಯದು. ಆದರೆ ದಿನ ಕಡಿಮೆಯಾದಷ್ಟೂ ಒಂದೊಂದು ದಿನದ ಪ್ರಮಾಣ ಹೆಚ್ಚು, ಒಂದು ದಿನ ಗುರಿ ತಪ್ಪಿದರೂ ನಷ್ಟ ಹೆಚ್ಚು.

ನಮ್ಮ ಗಡಿ ಊರುಗಳವರಿಗೆ ತೊಡಕು ಬರುವುದು ಮಾತಿನಲ್ಲಿ. ಕಾಸರಗೋಡಿನವರು ತಲಶ್ಶೇರಿಗೆ ಹೋದರೆ ಮಲಯಾಳ, ಅಕ್ಕಲಕೋಟೆ, ಜತ್ತದವರು ಸೊಲ್ಲಾಪುರಕ್ಕೆ ಹೋದರೆ ಮರಾಠಿ. ಎರಡೂ ಭಾಷೆ ಬಂದರೂ ಮಲಮೂತ್ರದ ವಿಷಯವನ್ನು ಮೊಮ್ಮಗಳ ವಯಸ್ಸಿನ ಹುಡುಗಿಯೆದುರು ಹೇಳಲು ಅಜ್ಜಂದಿರಿಗೆ ನಾಚಿಕೆ. ‘ಹೊಟ್ಟೆ ಸರಿ ಇದೆಯಾ’ ಎಂದರೆ ‘ಹೂಂ’ ಎಂದುಬಿಡುತ್ತಾರೆ. ಆಕೆ ಕೇಳುವುದು ಉಪಚಾರಕ್ಕಲ್ಲ. ಮೂರು ದಿನದಿಂದ ಮಲಬದ್ಧತೆ ಇದೆ, ತಡೆಯಲಾಗದೆ ಈಗಷ್ಟೇ ಮೂತ್ರ ಮಾಡಿ ಬಂದೆ, ಉರಿ ಇದೆ, ಭೇದಿ ಆಗುತ್ತಿದೆ – ಇವನ್ನೆಲ್ಲ ಮಲಗುವ ಮೊದಲೇ ಹೇಳಬೇಕು. ಎಷ್ಟು ಲೋಟ ನೀರು, ಎಷ್ಟು ಹೊತ್ತು ಮೊದಲು ಎಂಬುದು ಆಸ್ಪತ್ರೆಯಿಂದ ಆಸ್ಪತ್ರೆಗೆ ಬೇರೆ. ಅದನ್ನು ಮೊದಲ ಸ್ಕ್ಯಾನಿನ ದಿನವೇ ಹೇಳುತ್ತಾರೆ. ಆ ದಿನ ಅಲ್ಲಿಯ ಭಾಷೆ ಚೆನ್ನಾಗಿ ಬರುವ ಮಗನನ್ನೋ ಅಳಿಯನನ್ನೋ ಕರೆದೊಯ್ದು, ಕನ್ನಡದಲ್ಲಿ ಚೀಟಿ ಬರೆಸಿಕೊಳ್ಳಿ.

ಮೇಜಿನ ಮೇಲೆ ಮಲಗಿದಾಗ ಕೋಣೆಯಲ್ಲಿ ಒಬ್ಬರೇ ಇರುತ್ತೀರಿ, ಆದರೆ ಕ್ಯಾಮೆರಾದಲ್ಲಿ ನೋಡುತ್ತಲೇ ಇರುತ್ತಾರೆ, ಮಾತಾಡಿದರೆ ಕೇಳಿಸುತ್ತದೆ. ಕೆಮ್ಮು ಬಂದರೆ, ಮೂತ್ರ ತಡೆಯಲಾಗದಿದ್ದರೆ ಕೈ ಎತ್ತಿ ಅಥವಾ ಕೂಗಿ, ನಡುವೆಯೇ ನಿಲ್ಲಿಸುತ್ತಾರೆ. ಏಳಲು ಮಾತ್ರ ಹೋಗಬೇಡಿ, ಮೇಜು ಎತ್ತರದಲ್ಲಿರುತ್ತದೆ. ಹೊರಗಿನಿಂದ ಕೊಡುವ ಈ ಕಿರಣ ಮೈಯಲ್ಲಿ ಉಳಿಯುವುದಿಲ್ಲ. ಮನೆಗೆ ಹೋಗಿ ಮೊಮ್ಮಕ್ಕಳನ್ನು ಧಾರಾಳವಾಗಿ ಎತ್ತಿಕೊಳ್ಳಬಹುದು.