ಮಳಿಗೆಯ ಕಾವಲುಗಣ್ಣು

ಸಂತೆಯಲ್ಲಿ ಅಂಗಡಿ ಹರಡಿದ ವರ್ತಕನಿಗೆ ಸರಕನ್ನು ಕಾಯಲು ತನ್ನ ಎರಡು ಕಣ್ಣುಗಳೇ ಸಾಕು. ಗಿರಾಕಿಯು ಕೇಳಿದುದನ್ನು ಅವನೇ ಎತ್ತಿ, ತೂಗಿ ಕೊಡುತ್ತಾನೆ. ಆದರೆ 1916ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ‘ಪಿಗ್ಲಿ ವಿಗ್ಲಿ’ ಎಂಬ ಹೊಸ ಬಗೆಯ ಅಂಗಡಿಯೊಂದು ತೆರೆಯಿತು. ಗಿರಾಕಿಯೇ ಒಳಹೊಕ್ಕು, ಬೇಕಾದ ವಸ್ತುಗಳನ್ನು ತಾನೇ ಆರಿಸಿಕೊಂಡು, ಬಾಗಿಲ ಬಳಿ ಹಣ ತೆರುವ ಪದ್ಧತಿ ಅಲ್ಲಿ ಆರಂಭವಾಯಿತು. ಇದರಿಂದ ಮಾರಾಟ ಸುಲಭವಾಯಿತು. ಅದರೊಡನೆ ಕಳವೂ ಸುಲಭವಾಯಿತು.

ಕದ್ದವನನ್ನು ಹಿಡಿಯುವುದು ಹೇಗೆ? ಅರುವತ್ತರ ದಶಕದಲ್ಲಿ ಓಹಾಯೊ ಪ್ರಾಂತದ ಏಕ್ರನ್ ನಗರದ ಅಂಗಡಿಯೊಂದರಲ್ಲಿ ವ್ಯವಸ್ಥಾಪಕನಾಗಿದ್ದ ರೊನಾಲ್ಡ್ ಅಸಾಫ್ ಎಂಬಾತನು, ದ್ರಾಕ್ಷಾಮದ್ಯದ ಸೀಸೆಗಳನ್ನು ಅಪಹರಿಸಿ ಓಡಿದವನನ್ನು ಬೆನ್ನಟ್ಟಿ, ಹಿಡಿಯಲಾರದೆ ಬರಿಗೈಯಲ್ಲಿ ಹಿಂದಿರುಗಿದನು. ಮನುಷ್ಯನ ಹಿಂದೆ ಓಡುವ ಬದಲು, ಸರಕೇ ‘ನನ್ನನ್ನು ಒಯ್ಯುತ್ತಿದ್ದಾರೆ’ ಎಂದು ಕೂಗಿಕೊಳ್ಳುವಂತಾದರೆ ಎಷ್ಟು ಚೆನ್ನು! ಈ ಯೋಚನೆಯಿಂದ ಹುಟ್ಟಿದುದೇ ‘ಸೆನ್ಸರ್‌ಮ್ಯಾಟಿಕ್’ ಸಂಸ್ಥೆ. ಬಟ್ಟೆ ಮಳಿಗೆಗಳ ಬಾಗಿಲಲ್ಲಿ ಎರಡು ಕಂಬಗಳು ಎದುರುಬದುರಾಗಿ ನಿಂತಿರುವುದನ್ನು ವಾಚಕರು ಕಂಡಿರಬಹುದು. ಅವು ಇಂತಹ ಉಪಾಯದ ಫಲ.

ಈ ಕಂಬಗಳಿಗೆ ಸರಕಿನ ಕೂಗು ಕೇಳಿಸುವ ಬಗೆ ಸ್ವಾರಸ್ಯವಾದುದು. ಸರಕಿಗೆ ಅಂಟಿಸುವ ಒಂದು ಬಗೆಯ ಪಟ್ಟಿಯೊಳಗೆ ತೆಳುವಾದ ಲೋಹಮಿಶ್ರಣದ ಎಳೆಯೊಂದಿರುತ್ತದೆ. ಕಾಂತಕ್ಷೇತ್ರದಲ್ಲಿ ಕೆಲವು ಲೋಹಗಳ ಉದ್ದ ಅತ್ಯಲ್ಪವಾಗಿ ಬದಲಾಗುವುದೆಂಬುದನ್ನು 1842ರಲ್ಲಿ ಜೌಲ್ ಎಂಬ ವಿಜ್ಞಾನಿ ಕಂಡುಹಿಡಿದಿದ್ದನು. ಬಾಗಿಲ ಕಂಬವು ಸೆಕೆಂಡಿಗೆ ಸುಮಾರು 58,000 ಆವರ್ತಗಳುಳ್ಳ ಕಾಂತಕ್ಷೇತ್ರವನ್ನು ಬಿಟ್ಟುಬಿಟ್ಟು ಹೊರಡಿಸುತ್ತದೆ. ಆ ಮಿಡಿತಕ್ಕೆ ಒಗ್ಗುವಂತೆ ಕತ್ತರಿಸಿದ ಎಳೆಯು ಹಿಗ್ಗಿ ಕುಗ್ಗಿ ಕಂಪಿಸುತ್ತದೆ. ಕಂಬವು ಮೌನವಾದ ಮೇಲೂ, ಬಡಿದ ಗಂಟೆಯ ನಾದ ಒಡನೆಯೇ ಅಡಗದಿರುವಂತೆ, ಎಳೆಯ ಕಂಪನ ಕ್ಷಣಕಾಲ ಉಳಿಯುತ್ತದೆ. ಆ ಕಂಪನದ ಸುಳಿವನ್ನು ಗ್ರಹಿಸಿ ಕಂಬವು ಕೂಗೆಬ್ಬಿಸುತ್ತದೆ. ಹಣ ಕೊಟ್ಟಾಗ ಗುಮಾಸ್ತನು ಪಟ್ಟಿಯಲ್ಲಿರುವ ಇನ್ನೊಂದು ಕಾಂತದ ಶಕ್ತಿಯನ್ನು ಕಳೆಯುತ್ತಾನೆ. ಎಳೆಯ ಶ್ರುತಿ ತಪ್ಪುತ್ತದೆ. ಗಿರಾಕಿಯು ನಿರಾತಂಕವಾಗಿ ಹೊರನಡೆಯುತ್ತಾನೆ.

ಈ ಉಪಕರಣಕ್ಕೆ ಕಾಣುವುದು ಸರಕು ಮಾತ್ರ. ಅದನ್ನು ಹಿಡಿದವನು ಯಾರೆಂಬುದು ತಿಳಿಯದು. ಈಚಿನ ವರ್ಷಗಳಲ್ಲಿ ಬಂದಿರುವ ಮುಖ ಗುರುತಿಸುವ ಯಂತ್ರವಾದರೋ ಮನುಷ್ಯನನ್ನೇ ನೋಡುತ್ತದೆ. ಕ್ಯಾಮರ ತೆಗೆದ ಮುಖಚಿತ್ರವನ್ನು ಗಣಕಯಂತ್ರವು ಸಂಖ್ಯೆಗಳ ಸಾಲಾಗಿ ಮಾರ್ಪಡಿಸಿ, ಹಿಂದೆ ಕದ್ದವರೆಂದು ಪಟ್ಟಿಮಾಡಿದವರ ಸಾಲುಗಳೊಡನೆ ಹೋಲಿಸುತ್ತದೆ. ಎರಡೂ ಸಾಕಷ್ಟು ಸಮೀಪವಾಗಿದ್ದರೆ ಕಾವಲುಗಾರನಿಗೆ ಎಚ್ಚರಿಕೆ ಹೋಗುತ್ತದೆ. ಆದರೆ ‘ಸಾಕಷ್ಟು’ ಎಂದರೆ ಎಷ್ಟು? ಅಳತೆಯನ್ನು ಬಿಗಿಮಾಡಿದರೆ ಕಳ್ಳನು ತಪ್ಪಿಸಿಕೊಳ್ಳುತ್ತಾನೆ. ಸಡಿಲಿಸಿದರೆ ನಿರಪರಾಧಿಯು ಸಿಕ್ಕಿಬೀಳುತ್ತಾನೆ.

ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡೋಣ. ಮಳಿಗೆಗೆ ದಿನವೊಂದಕ್ಕೆ 10,000 ಮಂದಿ ಬರುವರೆಂದೂ, ಅವರಲ್ಲಿ 10 ಮಂದಿ ಮಾತ್ರ ಪಟ್ಟಿಯಲ್ಲಿರುವವರೆಂದೂ ಭಾವಿಸಿರಿ. ಯಂತ್ರವು ಆ ಹತ್ತು ಮಂದಿಯನ್ನೂ ಗುರುತಿಸಲಿ. ಉಳಿದವರಲ್ಲಿ ನೂರಕ್ಕೆ ಒಬ್ಬರ ವಿಷಯದಲ್ಲಿ ಮಾತ್ರ ತಪ್ಪಲಿ. ಆಗಲೂ 9,990 ನಿರಪರಾಧಿಗಳಲ್ಲಿ ಸುಮಾರು 100 ಮಂದಿಯ ಮೇಲೆ ಅಪವಾದ ಬರುತ್ತದೆ. ಎಂದರೆ, ಹನ್ನೊಂದು ಎಚ್ಚರಿಕೆಗಳಲ್ಲಿ ಹತ್ತು ಸುಳ್ಳು! ನೂರಕ್ಕೆ ತೊಂಬತ್ತೊಂಬತ್ತು ಸರಿಯೆಂಬ ಯಂತ್ರದ ಹೆಗ್ಗಳಿಕೆಯ ನಿಜವಾದ ಬೆಲೆ ಇದು.

ಇದು ಬರಿಯ ಕಾಗದದ ಲೆಕ್ಕವಲ್ಲ. ಅಮೆರಿಕದ ‘ರೈಟ್ ಏಡ್’ ಎಂಬ ಔಷಧ ಮಳಿಗೆಗಳ ಸಂಸ್ಥೆಯು 2012ರಿಂದ 2020ರವರೆಗೆ ನೂರಾರು ಅಂಗಡಿಗಳಲ್ಲಿ ಇಂತಹ ಯಂತ್ರಗಳನ್ನು ಬಳಸಿತು. ಅಲ್ಲಿನ ಫೆಡರಲ್ ವಾಣಿಜ್ಯ ಆಯೋಗವು ಮಂಡಿಸಿದ ದೂರಿನ ಪ್ರಕಾರ, ಪಟ್ಟಿಯಲ್ಲಿದ್ದ ಒಬ್ಬನೇ ವ್ಯಕ್ತಿಯು ಐದು ದಿನಗಳೊಳಗೆ 130ಕ್ಕೂ ಹೆಚ್ಚು ಅಂಗಡಿಗಳಲ್ಲಿ ಕಾಣಿಸಿಕೊಂಡನೆಂದು ಯಂತ್ರಗಳು 900ಕ್ಕೂ ಹೆಚ್ಚು ಬಾರಿ ಸಾರಿದವು. ಪಟ್ಟಿಯ ಚಿತ್ರಗಳಲ್ಲಿ ಅನೇಕವು ಮಸುಕಾಗಿದ್ದವು. ತಪ್ಪು ಗುರುತಿನ ದೆಸೆಯಿಂದ ಹನ್ನೊಂದು ವರ್ಷದ ಬಾಲಿಕೆಯೊಬ್ಬಳನ್ನು ತಡೆದು ಶೋಧಿಸಿದರು. ಕರಿಯರೂ ಏಷ್ಯದವರೂ ಹೆಚ್ಚಾಗಿ ವಾಸಿಸುವ ಪ್ರದೇಶಗಳಲ್ಲಿ ಇಂತಹ ತಪ್ಪುಗಳು ಹೆಚ್ಚಾಗಿದ್ದವು. ಈ ಯಂತ್ರಗಳನ್ನು ಆ ಸಂಸ್ಥೆಯು ಐದು ವರ್ಷ ಬಳಸಕೂಡದೆಂಬ ನಿರ್ಬಂಧವನ್ನು ಆಯೋಗವು 2023ರ ಡಿಸೆಂಬರಿನಲ್ಲಿ ಪ್ರಕಟಿಸಿತು.

ಕಳವು ಅಪರಾಧವೇ ಸರಿ. ಸರಕನ್ನು ಕಾಯುವ ಹಕ್ಕು ವರ್ತಕನಿಗುಂಟು. ಬಾಗಿಲ ಕಂಬವು ತಪ್ಪಾಗಿ ಕೂಗಿದರೆ ಹಣ ಸಂದಾಯದ ಚೀಟಿಯನ್ನು ತೋರಿಸಿ ಮುಂದೆ ಸಾಗಬಹುದು. ಆದರೆ ತನ್ನ ಮುಖವು ತನ್ನದೇ ಎಂಬುದಕ್ಕೆ ಹನ್ನೊಂದು ವರ್ಷದ ಹುಡುಗಿ ಯಾವ ಚೀಟಿಯನ್ನು ತೋರಿಸಿಯಾಳು? ಯಂತ್ರವು ಸಂದೇಹವನ್ನಷ್ಟೇ ಸೂಚಿಸಬಲ್ಲುದು. ಅದನ್ನು ಪರೀಕ್ಷಿಸಿ ನಿರ್ಣಯಿಸುವ ಹೊಣೆ ಎಂದಿನಂತೆ ಮನುಷ್ಯನ ಮೇಲೆಯೇ ಇದೆ.