ಕಾಲುವೆಯ ಕೊನೆಯ ಹೊಲ

ಸಿರಿವಂತ ದೇಶಗಳು ಬಡ ದೇಶಗಳಿಗೆ ನೀಡುವ ನೆರವನ್ನು ಕುರಿತು ಬರೆಯುವಾಗ ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಮಾತೇಕೆಂದು ನಮ್ಮ ವಾಚಕರು ಕೇಳಬಹುದು. ದೂರದ ಸಂಗತಿಯನ್ನು ಮನೆಯಂಗಳದ ಅಳತೆಗೋಲಿನಿಂದ ಅಳೆದು ನೋಡುವದೇ ಲೇಸೆಂಬದು ನಮ್ಮ ಉತ್ತರ.

ಅತಿ ಹಿಂದುಳಿದ ರಾಷ್ಟ್ರಗಳ ಯಾದಿಯನ್ನು ಸಂಯುಕ್ತ ರಾಷ್ಟ್ರಸಂಘವು 1971ರಲ್ಲಿ ಸಿದ್ಧಪಡಿಸಿದಾಗ ಅದರಲ್ಲಿ 25 ದೇಶಗಳಿದ್ದವು. ಅರ್ಧ ಶತಮಾನ ಕಳೆದರೂ ಅವುಗಳ ಸಂಖ್ಯೆ 40ಕ್ಕೆ ಮಿಕ್ಕಿಯೇ ಇರುವದು, ಹೊರಬಿದ್ದವು ಬೆರಳೆಣಿಕೆಯಷ್ಟು. ಸಿರಿವಂತ ರಾಷ್ಟ್ರಗಳು ತಮ್ಮ ಆದಾಯದ ನೂರಕ್ಕೆ 0.7ರಷ್ಟನ್ನು ನೆರವಾಗಿ ಕೊಡತಕ್ಕದ್ದೆಂದು 1970ರಲ್ಲಿಯೇ ನಿರ್ಣಯವಾಗಿತ್ತು. ನಾರ್ವೆ, ಸ್ವೀಡನ್, ಡೆನ್ಮಾರ್ಕಗಳಂಥ ಕೆಲವೇ ದೇಶಗಳು ಆ ಮಾತನ್ನು ನಡೆಯಿಸಿದವು. ಒಟ್ಟು ನೆರವು ಮಾತ್ರ ಆ ಮಟ್ಟವನ್ನು ಒಂದು ವರ್ಷವೂ ಮುಟ್ಟಲಿಲ್ಲ. ಕೊಟ್ಟೆವೆಂದು ಲೆಕ್ಕ ಬರೆದ ಹಣದಲ್ಲಿಯೂ ಒಂದು ಪಾಲು ಕೊಡುವವರ ಸಲಹೆಗಾರರ ಸಂಬಳಕ್ಕೆ, ಅವರವರ ದೇಶದೊಳಗಿನ ಖರ್ಚಿಗೆ ಸಂದುಹೋಗುತ್ತದೆ.

ಇದು ನಮಗೆ ಹೊಸ ಕಥೆಯಲ್ಲ. 1945ರ ಫೆಬ್ರುವರಿಯಲ್ಲಿ ತುಂಗಭದ್ರೆಯ ಅಣೆಕಟ್ಟಿಗೆ ಅಡಿಗಲ್ಲು ಬಿದ್ದಾಗ ಕ್ಷಾಮದ ಸೀಮೆಗೆ ಕ್ಷೇಮ ಬರುವದೆಂದು ಜನರು ಹಿಗ್ಗಿದ್ದರು. ನೀರು ಬಂದಿತು, ಸಿಂಧನೂರಿನ ಸುತ್ತಲ ಎರೆಭೂಮಿಯು ಬತ್ತದ ಕಣಜವಾಯಿತು. ಆದರೆ ಎಡದಂಡೆಯ ಕಾಲುವೆಯನ್ನು ಅಗೆದದ್ದು ಬಹುಮಟ್ಟಿಗೆ ಜೋಳ, ಹತ್ತಿಗಳಂಥ ಮಿತನೀರಿನ ಬೆಳೆಗಳಿಗಾಗಿ. ಮೇಲ್ಭಾಗದವರು ಬತ್ತ ನಾಟಿ ನೀರನ್ನು ಹೀರಿದರು. ಅನಧಿಕೃತ ನೀರಾವರಿಯೂ ಹಬ್ಬಿತು. ಕೊನೆಭಾಗದ ರೈತನು ಒಣಗಿದ ಉಪಕಾಲುವೆಯ ದಡದಲ್ಲಿ ಕುಳಿತು ಸರದಿ ಕಾಯುವಂತಾಯಿತು. 133 ಟಿ.ಎಂ.ಸಿ. ನೀರು ಹಿಡಿಯಲೆಂದು ಕಟ್ಟಿದ ಜಲಾಶಯವು ಹೂಳು ತುಂಬಿ ಸುಮಾರು 105ಕ್ಕೆ ಇಳಿದುದರಿಂದ ಅವನ ಸಂಕಟ ಮತ್ತಷ್ಟು ಹೆಚ್ಚಿದೆ.

ಇನ್ನೊಂದು ಮಾತು. ಕಾಲುವೆ ಹರಿದು ಸುಮಾರು ಅರ್ಧ ಶತಮಾನವಾದ ಮೇಲೆ, 2002ರಲ್ಲಿ, ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು ರಾಜ್ಯದ 39 ತಾಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿತು. ಒಣನೆಲದ ಲಿಂಗಸುಗೂರಷ್ಟೇ ಅಲ್ಲ, ಬತ್ತದ ಸಿಂಧನೂರೂ ಅದರಲ್ಲಿತ್ತು. ಮಸ್ಕಿಯು ಆಗಿನ್ನೂ ತಾಲೂಕಾಗಿರಲಿಲ್ಲ. ಬೆಳೆ ಹೆಚ್ಚಿದರೆ ಬಡತನ ತಾನಾಗಿಯೇ ಅಳಿಯುವದೆಂಬ ನಂಬಿಕೆಗೆ ಇದಕ್ಕಿಂತ ಕಠೋರವಾದ ಉತ್ತರ ಬೇಕೆ?

ಹೊರಗಿನ ನೆರವೂ ಈ ಸೀಮೆಗೆ ಅಪರಿಚಿತವಲ್ಲ. ಲಿಂಗಸುಗೂರಿನ ಗಡಿಯಲ್ಲಿ ಹರಿಯುವ ಕೃಷ್ಣೆಯ ಮೇಲ್ದಂಡೆ ಯೋಜನೆಗೆ ವಿಶ್ವಬ್ಯಾಂಕು ಸಾಲ ಕೊಟ್ಟಿತ್ತು. ಮುಳುಗಡೆಯಾದವರ ಪುನರ್ವಸತಿ ಸರಿಯಾಗಿ ನಡೆಯಲಿಲ್ಲವೆಂದು 1992ರಲ್ಲಿ ಅದೇ ಬ್ಯಾಂಕು ಹಣವನ್ನು ತಡೆಹಿಡಿಯಬೇಕಾಯಿತು. ಸಾಲದ ಕಾಗದದಲ್ಲಿ ಒಕ್ಕಲೆದ್ದ ಕುಟುಂಬಕ್ಕೂ ಒಂದು ಕಲಮು ಇತ್ತೆಂಬದನ್ನು ನೆನಪಿಸಲು ದೂರದ ಸಾಹುಕಾರನೇ ಬರಬೇಕಾದದ್ದು ನಮಗೆ ಭೂಷಣವಲ್ಲ.

ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಚಿನ್ನ ತೆಗೆಯುವರು. ಆಫ್ರಿಕಾದ ಬೋಟ್ಸ್ವಾನಾ ದೇಶದಲ್ಲಿ ವಜ್ರ ತೆಗೆಯುವರು. ವಜ್ರದ ಆದಾಯದಲ್ಲಿ ಸರಕಾರದ ಪಾಲನ್ನು ಬಿಗಿಯಾಗಿ ಹಿಡಿದು ಶಾಲೆ, ರಸ್ತೆ, ಆಸ್ಪತ್ರೆಗಳಿಗೆ ವೆಚ್ಚ ಮಾಡಿದ ಆ ದೇಶವು 1994ರಲ್ಲಿ ಯಾದಿಯಿಂದ ಹೊರಬಂದ ಮೊದಲನೆಯದಾಯಿತು. ನೆಲದಡಿಯ ಸಂಪತ್ತು ನೆಲದ ಮೇಲಿನವರ ಮಕ್ಕಳಿಗೆ ಎಷ್ಟು ಮುಟ್ಟಿತೆಂಬ ಪ್ರಶ್ನೆಯನ್ನು ಹಟ್ಟಿಯ ಸುತ್ತಲಿನ ಹಳ್ಳಿಗಳೂ ಕೇಳಲು ಹಕ್ಕುಳ್ಳವು.

ಸಿಂಧನೂರಿನ ಬಳಿಯಲ್ಲಿ ಪೂರ್ವ ಬಂಗಾಲದಿಂದ ಮನೆಮಾರು ಕಳಕೊಂಡು ಬಂದ ನಿರಾಶ್ರಿತರ ಕ್ಯಾಂಪುಗಳಿವೆ. ಅವರು ತೊರೆದುಬಂದ ನಾಡು, ಇಂದಿನ ಬಾಂಗ್ಲಾದೇಶ, 1975ರಲ್ಲಿ ಹಿಂದುಳಿದವರ ಯಾದಿಗೆ ಸೇರಿತು. ಅದು ಹೊರಬರಲು ಅರ್ಹವಾಯಿತೆಂದು ರಾಷ್ಟ್ರಸಂಘದ ಮಹಾಸಭೆಯು 2021ರಲ್ಲಿ ಒಪ್ಪಿತು. ಹಣೆಬರಹವು ಅಳಿಸಲಾಗದ್ದೆಂದು ಕೈಕಟ್ಟಿ ಕೂಡ್ರುವವರಿಗೆ ಇದೊಂದು ಪಾಠ.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟೆ. ನೆರವನ್ನು ತೂಬಿನ ಬಾಯಲ್ಲಿ ಅಳೆಯುವ ಪದ್ಧತಿ ನಿಲ್ಲಬೇಕು. ಕೊನೆಯ ಹೊಲದಲ್ಲಿ ಅಳೆಯಬೇಕು. ಇಷ್ಟು ಕೋಟಿ ಮಂಜೂರಾಯಿತೆಂಬದು ವರದಿಯಲ್ಲ. ಯಾವ ಊರಿನ ಯಾವ ಶಾಲೆಗೆ ಮಾಸ್ತರರು ಬಂದರು, ಯಾವ ಉಪಕಾಲುವೆಯ ತುದಿಗೆ ನೀರು ಮುಟ್ಟಿತು ಎಂಬದೇ ವರದಿ. 2012ರ ತಿದ್ದುಪಡಿಯಿಂದ ರಾಜ್ಯಘಟನೆಯ 371(ಜೆ) ಕಲಮು ಈ ಭಾಗಕ್ಕೆ ವಿಶೇಷ ಹಕ್ಕನ್ನು ಕೊಟ್ಟಿರುತ್ತದೆ. ಅದರ ಹಣದ ಲೆಕ್ಕವನ್ನೂ ಪ್ರತಿ ಗ್ರಾಮಪಂಚಾಯತಿಯ ಗೋಡೆಯ ಮೇಲೆ ಜನರು ಓದುವಂತೆ ಬರೆಯಿಸುವದು ಅಧಿಕಾರಿಗಳ ಧರ್ಮ, ಓದಿ ಕೇಳುವದು ನಾಗರಿಕರ ಧರ್ಮ.

ಮಸ್ಕಿಯ ಗುಡ್ಡದಲ್ಲಿ 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರರಿಗೆ ಅಶೋಕನ ಶಾಸನ ಕಣ್ಣಿಗೆ ಬಿದ್ದಿತು. ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬದು ಆ ಬಂಡೆಯಿಂದ ಜಗತ್ತಿಗೆ ತಿಳಿದದ್ದು ಎಲ್ಲರೂ ಬಲ್ಲ ಸಂಗತಿ. ಶ್ರೇಯಸ್ಸು ದೊಡ್ಡವರ ಸೊತ್ತಲ್ಲ, ಸಣ್ಣವನೂ ಅದನ್ನು ಪಡೆಯಬಲ್ಲನೆಂಬ ಅದರ ತಿರುಳನ್ನು ಮಾತ್ರ ನಾವು ಮರೆತಿದ್ದೇವೆ. ಎರಡು ಸಾವಿರ ವರುಷಗಳಿಗೂ ಹಿಂದೆ ಕಲ್ಲಿನಲ್ಲಿ ಕೊರೆಯಿಸಿದ ಆ ಮಾತು ಅದೇ ಮಸ್ಕಿಯ ಸೀಮೆಯ ಒಣಹೊಲಕ್ಕೆ ಇನ್ನಾದರೂ ಮುಟ್ಟಲಿ.