ವಿಸಿಟಿಂಗ್ ಕಾರ್ಡಿನ ಮ್ಯಾನೇಜರ್

ಜಾಲ್ಸೂರಿನಿಂದ ಒಬ್ಬರು ಫೋನ್ ಮಾಡಿದ್ರು. ಅಡಿಕೆ ಕೃಷಿಕರು. ಮಗ ಬೆಂಗಳೂರಿನ ಐಟಿ ಕಂಪನಿಯಲ್ಲಿದ್ದಾನೆ, ಕಂಪನಿ ಅವನನ್ನು ತನ್ನ ಅಮೆರಿಕದ ಶಾಖೆಗೆ ಕಳಿಸುತ್ತಿದೆ. "ಪತ್ರದಲ್ಲಿ ಇವನನ್ನು ಮ್ಯಾನೇಜರ್ ಅಂತ ಬರೆದಿದ್ದಾರೆ ಮಾರಾಯ್ರೆ. ಇವ ದಿನಾ ಮಾಡುವುದು ಕೋಡ್ ಬರೆಯುವ ಕೆಲಸ. ಇಂಟರ್‌ವ್ಯೂನಲ್ಲಿ ಹೌದು ಅಂತ ಹೇಳಿದ್ರೆ ತೊಂದರೆ ಉಂಟಾ?"

ಉಂಟು. ಸಣ್ಣ ತೊಂದರೆ ಅಲ್ಲ.

ಇದು ಎಲ್-1 ವೀಸಾ. 1970ರಿಂದ ಇದೆ. ಹಿಂದಿನ ಮೂರು ವರ್ಷಗಳಲ್ಲಿ ಕನಿಷ್ಠ ಒಂದು ವರ್ಷ ಸತತವಾಗಿ ಅದೇ ಕಂಪನಿಯ ಹೊರದೇಶದ ಶಾಖೆಯಲ್ಲಿ ದುಡಿದಿರಬೇಕು. ಎಚ್-1ಬಿಗೆ ಇರುವ ಹಾಗೆ ವರ್ಷಕ್ಕೆ 85,000ದ ಮಿತಿ ಇಲ್ಲ, ಲಾಟರಿ ಇಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಟ್ರಂಪ್ ಹೊಸ ಎಚ್-1ಬಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಿಸಿದ ಮೇಲೆ ಕಂಪನಿಗಳ ಕಣ್ಣು ಇತ್ತ ಹೊರಳಿದರೆ ಆಶ್ಚರ್ಯವೇನಿಲ್ಲ.

ಆದರೆ ಇಲ್ಲಿ ಹುದ್ದೆಯ ಹೆಸರಿಗೆ ಬೆಲೆ ಇಲ್ಲ, ಕೆಲಸಕ್ಕೆ ಬೆಲೆ. ತೋಟದಲ್ಲಿ ಮರ ಹತ್ತಿ ಮದ್ದು ಬಿಡುವವನಿಗೆ ನೀವು ಮ್ಯಾನೇಜರ್ ಅಂತ ಕಾರ್ಡ್ ಮಾಡಿಸಿಕೊಟ್ಟರೆ ಅವನು ಮರ ಹತ್ತುವುದು ನಿಲ್ಲುತ್ತಾ? ಅಧಿಕಾರಿ ಕೇಳುವುದೂ ಅದನ್ನೇ. ಸೋಮವಾರದಿಂದ ಶುಕ್ರವಾರದ ತನಕ ಏನು ಮಾಡ್ತೀರಿ? ಯಾವುದಕ್ಕೆ ಎಷ್ಟು ಹೊತ್ತು? ಕೈಕೆಳಗೆ ಯಾರಿದ್ದಾರೆ, ಅವರು ಓದಿದ್ದೇನು? ಅವರನ್ನು ಸೇರಿಸಿಕೊಳ್ಳುವ, ತೆಗೆಯುವ ಮಾತಿನಲ್ಲಿ ನಿಮ್ಮ ಪಾತ್ರ ಏನು? ಕೈಕೆಳಗೆ ನಾಲ್ಕು ಇಂಜಿನಿಯರ್‌ಗಳಿದ್ದರೂ ದಿನದ ಬಹುಪಾಲು ನೀವೇ ಕೋಡ್ ಬರೀತಿದ್ದರೆ ಮ್ಯಾನೇಜರ್ ಲೆಕ್ಕಕ್ಕೆ ಬರೋದಿಲ್ಲ. ಉಲ್ಟಾ, ಕೈಕೆಳಗೆ ಒಬ್ಬರೂ ಇಲ್ಲದೆ ಕಂಪನಿಯ ಒಂದು ಮುಖ್ಯ ವಿಭಾಗವನ್ನು ನಡೆಸುವವರು ಬರಬಹುದು. ಇದು ಎಲ್-1ಎ, ಗರಿಷ್ಠ ಏಳು ವರ್ಷ.

ಎಲ್-1ಬಿ ಅಂತ ಇನ್ನೊಂದಿದೆ, ಐದು ವರ್ಷ. ಕಂಪನಿಯದೇ ಉತ್ಪನ್ನ, ಕಂಪನಿಯದೇ ವಿಧಾನದ ವಿಶೇಷ ಜ್ಞಾನ ಇರುವವರಿಗೆ. ಜಾವಾ ಬರುತ್ತೆ ಅಂದ್ರೆ ಸಾಲದು, ಅದು ಊರಿಗೆಲ್ಲ ಬರುತ್ತೆ. ಶಾಖೆಯ ಹೆಸರಲ್ಲಿ ಹೋಗಿ ಗ್ರಾಹಕರ ಆಫೀಸಲ್ಲಿ, ಅವರ ಹತೋಟಿಯಲ್ಲಿ ದುಡಿಯುವುದಕ್ಕೂ 2004ರ ಕಾನೂನು ಅಡ್ಡ ನಿಲ್ಲುತ್ತದೆ.

ಪತ್ರಕ್ಕೂ ಕೆಲಸಕ್ಕೂ ತಾಳೆ ಆಗದಿದ್ದರೆ ಏನಾಗುತ್ತೆ? 2013ರ ಅಕ್ಟೋಬರ್ ನೆನಪಿದೆಯಾ? ನಮ್ಮದೇ ಇನ್ಫೋಸಿಸ್ ಅಮೆರಿಕ ಸರ್ಕಾರದ ಜೊತೆ 34 ಮಿಲಿಯನ್ ಡಾಲರ್‌ಗೆ ರಾಜಿ ಮಾಡಿಕೊಂಡಿತ್ತು. ಅದು ಬಿ-1 ವ್ಯಾಪಾರ ವೀಸಾದ ಪ್ರಕರಣ. ಮೀಟಿಂಗ್ ಅಂತ ಪತ್ರ ಕೊಟ್ಟು ಕೆಲಸಕ್ಕೇ ಕಳಿಸಿದ್ದಾರೆ ಅನ್ನೋದು ಆರೋಪ. ಕಂಪನಿ ಆರೋಪ ಒಪ್ಪಲಿಲ್ಲ, ಹಣ ಕಟ್ಟಿತು.

ಕಂಪನಿ ಹಣ ಕಟ್ಟಿ ಎದ್ದು ನಿಲ್ಲಬಹುದು. ಹುಡುಗ? ವೀಸಾಕ್ಕಾಗಿ ಬೇಕೆಂದೇ ಮುಖ್ಯ ವಿಷಯದಲ್ಲಿ ಸುಳ್ಳು ಹೇಳಿದ ಅಂತ ಅಧಿಕಾರಿ ದಾಖಲಿಸಿದರೆ ಅಮೆರಿಕದ ಬಾಗಿಲು ಅವನಿಗೆ ಜೀವಮಾನ ಪೂರ್ತಿ ಮುಚ್ಚಬಹುದು. ನಾಳೆ ಟೂರಿಸ್ಟ್ ವೀಸಾ ಕೇಳಿದರೂ ಅದು ಎದುರು ಬರುತ್ತದೆ. ಪತ್ರ ಬರೆದದ್ದು ಆಫೀಸಿನವರು, ನಾನಲ್ಲ ಅಂದ್ರೆ ಕೌಂಟರಿನಲ್ಲಿ ಕೇಳುವವರಿಲ್ಲ.

ಇಷ್ಟನ್ನೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಅವನ ಹತ್ರವೇ ಮಾತಾಡ್ತೇನೆ" ಅಂದ್ರು. ವಾರ ಬಿಟ್ಟು ಮತ್ತೆ ಫೋನ್ ಬಂತು. ಮಗ ತಾನು ನಿಜವಾಗಿ ಮಾಡುವ ಕೆಲಸವನ್ನು ಎರಡು ಪುಟ ಬರೆದು ಆಫೀಸಿಗೆ ಕೊಟ್ಟಿದ್ದಾನಂತೆ. ಎಲ್-1ಬಿಗೆ ಆಗುತ್ತಾ ಅಂತ ವಕೀಲರು ನೋಡ್ತಿದ್ದಾರಂತೆ.